ಅಡಿಕೆಗೆ ಹೋದ ಮಾನ

ಮಗೂ, ನಿನಗೆ ಪಿಎಚ್‌.ಡಿ.ಗೆ ಸೀಟು ಸಿಕ್ಕ ಸುದ್ದಿ ಕೇಳಿ ಹೊಟ್ಟೆ ತಣ್ಣಗಾಯಿತು. ನೀನು ಚುರುಕು, ಅದರಲ್ಲಿ ಎರಡು ಮಾತಿಲ್ಲ. ಓದಿದ್ದು ತಟ್ಟನೆ ತಲೆಗೆ ಹತ್ತುತ್ತದೆ, ಕೈಯೂ ಓಡುತ್ತದೆ. ಆದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಊಟಕ್ಕೆ ಕೂತರೆ ಮಜ್ಜಿಗೆ ಬಡಿಸುವ ಮೊದಲೇ ಎದ್ದಾಗಿರುತ್ತದೆ. ಮನೆಯಲ್ಲಿ ನಾವು ಇದನ್ನು ನಗುತ್ತಾ ಸಹಿಸಿಕೊಂಡೆವು. ಲ್ಯಾಬಿನಲ್ಲಿ ಇದೇ ಆತುರ ನಿನ್ನ ಮೇಲೆ ಸವಾರಿ ಮಾಡೀತು. ಕಾಲೇಜಿನ ಲ್ಯಾಬಿನಲ್ಲೇ ಕೂದಲು ನರೆಸಿಕೊಂಡವನು ನಾನು. ಹೊರಡುವ ಮೊದಲು ನಾಲ್ಕು ಮಾತು ಹೇಳುತ್ತೇನೆ, ಕೂತು ಕೇಳು.

ನೀತಿ ಅಂದ ಕೂಡಲೇ ನಿನ್ನ ಮುಖ ಹುಳ್ಳಗಾಗುತ್ತದೆ, ನೋಡಿದ್ದೇನೆ. ವಿಜ್ಞಾನಕ್ಕೂ ನೀತಿಗೂ ಎಲ್ಲಿಯ ನಂಟು, ಪ್ರಕೃತಿಗೆ ಪಾಪ ಪುಣ್ಯ ಉಂಟೇ ಅಂತ ಕೇಳುತ್ತೀಯ. ಪ್ರಕೃತಿಗೆ ಇಲ್ಲ, ಒಪ್ಪಿದೆ. ಅದನ್ನು ನೋಡಿ ಬರೆಯುವ ನಿನಗೆ ಉಂಟು. ಯುಜಿಸಿಯವರು ಪಿಎಚ್‌.ಡಿ.ಗೆ ಸೇರಿದವರಿಗೆಲ್ಲ ಸಂಶೋಧನಾ ನೀತಿಯ ಎರಡು ಕ್ರೆಡಿಟ್ಟಿನ ಕೋರ್ಸು ಕಡ್ಡಾಯ ಮಾಡಿದ್ದಾರೆ. ಓದು, ಪಾಸಾಗು, ಬೇಡ ಅನ್ನುವುದಿಲ್ಲ. ಆದರೆ ಎಲ್ಲರೂ ಮನೆಗೆ ಹೋದ ಮೇಲೆ, ಯಾರೂ ನೋಡದ ಹೊತ್ತಿನಲ್ಲಿ ನಿನ್ನ ಪೆನ್ನು ಏನು ಬರೆಯುತ್ತದೋ ಅದೇ ನಿನ್ನ ನೀತಿ. ದೊಡ್ಡ ಅನಾಹುತಗಳೂ ದೊಡ್ಡ ಒಳಿತುಗಳೂ ಹೊರಟದ್ದು ಅಲ್ಲಿಂದಲೇ.

ಮೊದಲು ರೀಡಿಂಗಿನ ಮಾತು. ಪಿಯುಸಿಯಲ್ಲಿ ಸರಳ ಲೋಲಕದ ಪ್ರಯೋಗ ಮಾಡಿದ್ದೆಯಲ್ಲ? ದಾರಕ್ಕೆ ಗುಂಡು ಕಟ್ಟಿ, ಇಪ್ಪತ್ತು ಆಂದೋಲನಕ್ಕೆ ಹಿಡಿದ ಹೊತ್ತು ಅಳೆದು, ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕುವುದು. ಇಡೀ ತರಗತಿಗೆ 9.8 ಬರುತ್ತದೆ. ಸ್ಟಾಪ್‌ವಾಚು ಕೆಟ್ಟಿದ್ದರೂ 9.8, ದಾರದ ಉದ್ದ ತಪ್ಪಾಗಿದ್ದರೂ 9.8! ಉತ್ತರ ಪುಸ್ತಕದಲ್ಲಿದೆ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುತ್ತೀರಿ. ಟೈಟ್ರೇಷನ್ನಿನಲ್ಲೂ ಇದೇ ಹಾಡು, ಮೂರು ಸಲವೂ ಬ್ಯೂರೆಟ್ಟಿನಲ್ಲಿ ಒಂದೇ ಅಂಕಿ. ವರ್ಷ ವರ್ಷ ಆ ರೆಕಾರ್ಡುಗಳನ್ನು ತಿದ್ದಿದ ನನಗೆ ಗೊತ್ತಾಗುವುದಿಲ್ಲವೇ, ಯಾವುದು ಅಳೆದದ್ದು, ಯಾವುದು ಹೊಸೆದದ್ದು ಅಂತ? ನಿಜವಾಗಿ ಅಳೆದ ಅಂಕಿಗಳು ಕೊಂಚ ಒರಟಾಗಿರುತ್ತವೆ.

ಒಬ್ಬಳು ಹುಡುಗಿಗೆ 9.4 ಬಂತು. ಅವಳು 9.4 ಅಂತಲೇ ಬರೆದಳು. ಉಳಿದವರು ಬಸ್ಸಿಗೆ ಓಡಿದರೂ ಅವಳು ಸ್ಟ್ಯಾಂಡ್ ಬಿಟ್ಟು ಏಳಲಿಲ್ಲ. ಚಿಕ್ಕ ದಾರ, ದಪ್ಪ ಗುಂಡು. ಗುಂಡಿನ ನಡುವಿನ ತನಕ ಅಳೆಯುವ ಬದಲು ಮೇಲ್ತುದಿಯ ತನಕ ಅಳೆದಿದ್ದೆ ಅಂತ ಕೊನೆಗೆ ತಾನೇ ಹಿಡಿದಳು. ಅವತ್ತು ಅವಳು ಕಲಿತದ್ದನ್ನು 9.8 ಬರೆದ ಒಬ್ಬರೂ ಕಲಿಯಲಿಲ್ಲ.

ಇದೆಲ್ಲ ಮಕ್ಕಳ ಲ್ಯಾಬಿನ ಮಾತು ಅಂತ ತಳ್ಳಿಹಾಕಬೇಡ. ಇಂಗ್ಲೆಂಡಿನ ಲಾರ್ಡ್ ರ‍್ಯಾಲೇ ಸಾರಜನಕವನ್ನು ತೂಗುತ್ತಿದ್ದ. ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ 1.257 ಗ್ರಾಂ ತೂಗಿತು. ರಾಸಾಯನಿಕಗಳಿಂದ ತೆಗೆದದ್ದು 1.250 ಗ್ರಾಂ ಆಸುಪಾಸಿನಲ್ಲೇ ನಿಂತಿತು. ವ್ಯತ್ಯಾಸ ನೂರಕ್ಕೆ ಬರೀ ಅರ್ಧದಷ್ಟು. ನೀನಾಗಿದ್ದರೆ ಸರಾಸರಿ ತೆಗೆದು ಮುಂದಿನ ಪುಟ ತಿರುವುತ್ತಿದ್ದೆ, ಹೌದು ತಾನೇ? ಅವನು ತಿರುವಲಿಲ್ಲ. ಇದು ನನಗೆ ಬಗೆಹರಿಯುತ್ತಿಲ್ಲ, ತಿಳಿದವರು ಹೇಳಿ ಎಂದು 1892ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎಲ್ಲರೆದುರು ಕೇಳಿದ. ಆ ಅರ್ಧದ ಬೆನ್ನು ಹತ್ತಿ, ವಿಲಿಯಂ ರ‍್ಯಾಮ್ಸೆ ಜೊತೆಗೂಡಿ, 1894ರಲ್ಲಿ ಆರ್ಗಾನ್ ಎಂಬ ಹೊಸ ಅನಿಲವನ್ನೇ ಕಂಡ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಅದೇ ಇದೆ, ಅಲ್ಲಿಯ ತನಕ ಯಾರಿಗೂ ಗೊತ್ತಿರಲಿಲ್ಲ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಅವನಿಗೆ ಭೌತವಿಜ್ಞಾನದಲ್ಲಿ, ರ‍್ಯಾಮ್ಸೆಗೆ ರಸಾಯನವಿಜ್ಞಾನದಲ್ಲಿ. ಒಂದು ಅಂಕಿ ತಿದ್ದಿದ್ದರೆ ಆರ್ಗಾನ್ ಅವನ ಕೈ ತಪ್ಪುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಬರೆಯುವುದೂ ಹೊಸದನ್ನು ಕಾಣುವುದೂ ಒಂದೇ ಕೆಲಸ, ಮರೆಯಬೇಡ.

ಇನ್ನು ತಿದ್ದಿದವನ ಕತೆ. ಯಾನ್ ಹೆಂಡ್ರಿಕ್ ಶೋನ್ ಅಂತ ಜರ್ಮನಿಯ ಹುಡುಗ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ. ಮೂವತ್ತು ದಾಟಿತ್ತಷ್ಟೆ. ಪೇಪರಿನ ಮೇಲೆ ಪೇಪರ್, ಎಲ್ಲವೂ ದೊಡ್ಡ ದೊಡ್ಡ ಜರ್ನಲ್ಲುಗಳಲ್ಲಿ. ನೊಬೆಲ್ ಗ್ಯಾರಂಟಿ ಅಂತ ಜನ ಆಡಿಕೊಳ್ಳುತ್ತಿದ್ದರು. 2002ರಲ್ಲಿ ಕೆಲವರು ಅವನ ಗ್ರಾಫುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಪ್ರಯೋಗ ಬೇರೆ ಬೇರೆ, ಗ್ರಾಫಿನ ಗೆರೆಯ ಸಣ್ಣ ನಡುಕ ಮಾತ್ರ ಅಚ್ಚೊತ್ತಿದಂತೆ ಒಂದೇ! ತನಿಖಾ ಸಮಿತಿ ನೋಟ್‌ಬುಕ್ ಕೇಳಿತು. ಇಟ್ಟಿರಲಿಲ್ಲ. ಮೂಲ ದತ್ತಾಂಶ ಕೇಳಿತು. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಳಿಸಿದೆ ಅಂದ. ಕೆಲಸ ಹೋಯಿತು, ಪೇಪರುಗಳು ವಾಪಸಾದವು, ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯವೇ ಅದನ್ನು ಕಿತ್ತುಕೊಂಡಿತು. ಅಷ್ಟರಲ್ಲಿ ಅವನ ಪ್ರಯೋಗವನ್ನು ನಂಬಿ ತಾವೂ ಮಾಡಿ ನೋಡಲು ಹೊರಟ ನಿನ್ನಂಥ ಎಷ್ಟೋ ಹುಡುಗ ಹುಡುಗಿಯರ ಕಾಲ ಮಣ್ಣುಪಾಲಾಗಿತ್ತು. ಅದನ್ನು ಯಾರು ತಂದುಕೊಡುತ್ತಾರೆ ಹೇಳು?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ವಿಜ್ಞಾನದಲ್ಲಿ ಮಾನ ಹೋಗುವುದು ಅಡಿಕೆಯಷ್ಟು ಸಣ್ಣ ವಿಷಯಕ್ಕೇ. ಒಂದು ಬಿಂದು ಗ್ರಾಫಿನ ಗೆರೆಯಿಂದ ದೂರ ಬಿದ್ದಿದೆ, ತೆಗೆದುಬಿಡೋಣ ಅನಿಸುತ್ತದೆ. ಒಂದು ಇಲಿ ನಮ್ಮ ಸಿದ್ಧಾಂತಕ್ಕೆ ವಿರುದ್ಧವಾಗಿ ಬದುಕಿಬಿಟ್ಟಿದೆ, ಅದಕ್ಕೆ ಮೊದಲೇ ಕಾಯಿಲೆ ಇತ್ತು ಅಂತ ಬರೆದುಬಿಡೋಣ ಅನಿಸುತ್ತದೆ. ಇಂಥಲ್ಲೇ ಹುಷಾರು. ತೆಗೆಯಲೇಬೇಕಾದರೆ ತೆಗೆ, ಆದರೆ ತೆಗೆದೆ ಅಂತಲೂ ಯಾಕೆ ತೆಗೆದೆ ಅಂತಲೂ ಬರೆ. ನೋಟ್‌ಬುಕ್ಕಿನ ಪುಟ ಹರಿಯಬೇಡ. ಪೆನ್ಸಿಲ್ ಮುಟ್ಟಬೇಡ. ತಪ್ಪಾದರೆ ಒಂದೇ ಗೆರೆ ಎಳೆ, ಕೆಳಗಿನ ಅಂಕಿ ಕಾಣುತ್ತಿರಲಿ. ದಿನಾಂಕ ಹಾಕು. ಅವತ್ತಿನದನ್ನು ಅವತ್ತೇ ಬರೆ. ನಾಳೆ ನೆನಪಿನಿಂದ ಬರೆಯುತ್ತೇನೆ ಅಂದವರು ಬರೆದದ್ದು ತಾವು ಕಂಡದ್ದನ್ನಲ್ಲ, ತಮಗೆ ಬೇಕಾದದ್ದನ್ನು. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯ ಮಾತು, ಅವಸರ ಮಾಡಿಸುವವರ ಎದುರು ಅಲ್ಲಾಡದೆ ಕೂರುವುದನ್ನು ಕಲಿ. ಫ್ರಾನ್ಸೆಸ್ ಕೆಲ್ಸಿ ಅಂತ ಒಬ್ಬ ತಾಯಿ ಇದ್ದರು. 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ಕೆಲಸಕ್ಕೆ ಸೇರಿದರು. ಹೊಸಬರು, ಸುಲಭದ ಕೆಲಸ ಕೊಡೋಣ ಅಂತ ಅವರ ಮೇಜಿಗೆ ಒಂದು ನಿದ್ದೆ ಮಾತ್ರೆಯ ಅರ್ಜಿ ಹಾಕಿದರು. ಹೆಸರು ಥಾಲಿಡೊಮೈಡ್. ಯುರೋಪಿನಲ್ಲಿ ಆಗಲೇ ಅಂಗಡಿ ಅಂಗಡಿಯಲ್ಲಿ ಸಿಗುತ್ತಿತ್ತು, ಬಸುರಿಯರ ವಾಂತಿಗೂ ಕೊಡುತ್ತಿದ್ದರು. 60 ದಿನದೊಳಗೆ ಬೇಡ ಅನ್ನದಿದ್ದರೆ ಒಪ್ಪಿಗೆ ಸಿಕ್ಕಂತೆ ಅಂತ ಆಗಿನ ಕಾನೂನು. ಕೆಲ್ಸಿ ಕಾಗದ ಓದಿದರು. ಸುರಕ್ಷಿತ ಅನ್ನುವುದಕ್ಕೆ ಹೊಗಳಿಕೆಯ ಮಾತು ಬೇಕಾದಷ್ಟಿತ್ತು, ಪುರಾವೆ ಸಾಲದು. ಇನ್ನಷ್ಟು ದತ್ತಾಂಶ ಕೊಡಿ ಅಂತ ವಾಪಸು ಕಳಿಸಿದರು. ಮತ್ತೆ ಬಂತು, ಮತ್ತೆ ಕಳಿಸಿದರು. ಕಂಪನಿಯವರು ಫೋನಿನ ಮೇಲೆ ಫೋನು ಮಾಡಿದರು, ಕಚೇರಿಗೇ ಬಂದು ಕೂತರು, ಮೇಲಿನವರ ಹತ್ತಿರ ದೂರಿದರು.

ಅಷ್ಟರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪುಟ್ಟದೊಂದು ಪತ್ರ ಕೆಲ್ಸಿಯವರ ಕಣ್ಣಿಗೆ ಬಿತ್ತು. ಈ ಮಾತ್ರೆ ಬಹಳ ದಿನ ನುಂಗಿದವರ ಕೈಕಾಲು ಜೋಮು ಹಿಡಿಯುತ್ತಿದೆ ಅಂತ ವೈದ್ಯರೊಬ್ಬರು ಬರೆದಿದ್ದರು. ದೊಡ್ಡವರ ನರಕ್ಕೇ ಹೀಗಾದರೆ ಹೊಟ್ಟೆಯೊಳಗಿನ ಕೂಸಿನ ಗತಿ ಏನು? ಆ ಪ್ರಶ್ನೆ ಕೇಳಿದರು, ಉತ್ತರ ಬರುವ ತನಕ ಸಹಿ ಹಾಕುವುದಿಲ್ಲ ಅಂತ ಕೂತರು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾತ್ರೆಯನ್ನು ಅಂಗಡಿಯಿಂದ ಹಿಂದಕ್ಕೆ ಪಡೆದರು. ಆ ಮಾತ್ರೆಯಿಂದಾಗಿ ಲೋಕದಲ್ಲಿ 10 ಸಾವಿರಕ್ಕೂ ಹೆಚ್ಚು ಮಕ್ಕಳು ಮೊಟುಕು ಕೈ, ಮೊಟುಕು ಕಾಲಿನಂಥ ಊನಗಳಿಂದ ಹುಟ್ಟಿದರು. ಅಮೆರಿಕದಲ್ಲಿ ಪರೀಕ್ಷೆಗೆಂದು ಹಂಚಿದ ಮಾತ್ರೆಗಳಿಂದ ಕೆಲವೇ ಮಕ್ಕಳಿಗೆ ಹಾಗಾಯಿತು. ಸಾವಿರಾರು ಮನೆಗಳ ತೊಟ್ಟಿಲನ್ನು ಉಳಿಸಿದ್ದು ಒಂದು ಹಾಕದ ಸಹಿ. 1962ರಲ್ಲಿ ಅಧ್ಯಕ್ಷ ಕೆನೆಡಿ ಅವರಿಗೆ ಪದಕ ತೊಡಿಸಿದರು. ಅದೇ ವರ್ಷ ಕಾನೂನೂ ಬಿಗಿಯಾಯಿತು.

ಈ ಗಟ್ಟಿತನ ಅವರಿಗೆ ಒಂದೇ ದಿನಕ್ಕೆ ಬರಲಿಲ್ಲ. 1937ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗ, ಔಷಧಿಯೊಂದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿ 100ಕ್ಕೂ ಹೆಚ್ಚು ಜನ ಸತ್ತ ಪ್ರಕರಣದ ಪರೀಕ್ಷೆಗಳಲ್ಲಿ ಕೆಲಸ ಮಾಡಿದ್ದರು. ಮಾರುವ ಮೊದಲು ನಾಲ್ಕು ಪ್ರಾಣಿಗಳ ಮೇಲಾದರೂ ಪರೀಕ್ಷೆ ಮಾಡಿದ್ದರೆ ವಿಷ ಅಂತ ತಿಳಿಯುತ್ತಿತ್ತು, ಯಾರೂ ಮಾಡಿರಲಿಲ್ಲ. ಅದು ಹಳೇ ಕಾಲ ಅನ್ನಬೇಡ. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ 60ಕ್ಕೂ ಹೆಚ್ಚು ಮಕ್ಕಳು ಸತ್ತಾಗ, ನಮ್ಮ ದೇಶದಲ್ಲಿ ತಯಾರಾದ ಕೆಮ್ಮಿನ ಸಿರಪ್ಪುಗಳಲ್ಲಿ ಅದೇ ವಿಷ ಸಿಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಪರೀಕ್ಷೆ ಗೊತ್ತಿಲ್ಲದೆ ಹೀಗಾಯಿತೇ? ಪರೀಕ್ಷೆ ಎಲ್ಲರಿಗೂ ಗೊತ್ತು. ಮಾಡುವ ಮನಸ್ಸು ಬೇಕು, ಮಾಡಿದೆ ಅಂತ ಸುಳ್ಳು ಟಿಕ್ ಹಾಕದ ಕೈ ಬೇಕು. ನಾಳೆ ನೀನು ಯಾವ ಲ್ಯಾಬಿನಲ್ಲಿ ಕೂತರೂ ಆ ಟಿಕ್ ಹಾಕುವ ಜಾಗ ನಿನ್ನ ಮುಂದೆಯೂ ಬರುತ್ತದೆ.

ಇದೇ ಕತೆಗೆ ಇನ್ನೊಂದು ಬಾಲ ಇದೆ, ಚೆನ್ನಾಗಿ ಕೇಳಿಸಿಕೋ. ಥಾಲಿಡೊಮೈಡಿನ ಕೇಡನ್ನು ಮೊದಲು ಸಾರಿದವರಲ್ಲಿ ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯ ಒಬ್ಬ. 1961ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಪತ್ರ ಬರೆದು ಲೋಕಪ್ರಸಿದ್ಧನಾದ. ಮಾನ ಸಮ್ಮಾನ ಎಲ್ಲ ಬಂತು. ಮುಂದೆ ಬೇರೊಂದು ಔಷಧಿಯೂ ಗರ್ಭಕ್ಕೆ ಕೇಡು ಮಾಡುತ್ತದೆ ಅಂತ ಅವನಿಗೆ ಗಟ್ಟಿ ನಂಬಿಕೆ ಹುಟ್ಟಿತು. ಮೊಲಗಳ ಮೇಲಿನ ಪ್ರಯೋಗ ಹಾಗೆ ಹೇಳಲಿಲ್ಲ. ಆಗ ಅವನು ಮೊಲಗಳ ಅಂಕಿಗಳನ್ನೇ ತಿದ್ದಿ 1982ರಲ್ಲಿ ಪ್ರಕಟಿಸಿದ. ಆ ಪೇಪರಿನಲ್ಲಿ ತನ್ನ ಹೆಸರೂ ಇದ್ದದ್ದನ್ನು ಕಂಡ ಕಿರಿಯ ಸಂಶೋಧಕ ಫಿಲ್ ವಾರ್ಡಿ, ಈ ಅಂಕಿಗಳು ನಾನು ಅಳೆದವಲ್ಲ ಅಂತ ಎದ್ದು ನಿಂತ. ಎದುರಿಗಿದ್ದವನು ದೇಶವೇ ಕೊಂಡಾಡುವ ಮನುಷ್ಯ, ಇವನು ಲ್ಯಾಬಿನ ಹುಡುಗ. ಕೆಲಸ ಬಿಟ್ಟ, ಮಾತು ಬಿಡಲಿಲ್ಲ. 1993ರಲ್ಲಿ ಮೆಕ್‌ಬ್ರೈಡನ ಹೆಸರನ್ನು ವಂಚನೆಯ ಕಾರಣಕ್ಕೆ ವೈದ್ಯರ ಪಟ್ಟಿಯಿಂದ ಹೊಡೆದುಹಾಕಿದರು.

ನೋಡು ಮಗೂ, ನಿನ್ನೆಯ ಸತ್ಯ ಇವತ್ತಿನ ಸುಳ್ಳಿಗೆ ಜಾಮೀನು ನಿಲ್ಲುವುದಿಲ್ಲ. ಒಮ್ಮೆ ಲೋಕಕ್ಕೆ ಒಳಿತು ಮಾಡಿದವನಿಗೂ ಮರುದಿನ ಮತ್ತೆ ಅಳೆದೇ ಬರೆಯಬೇಕು. ಒಳ್ಳೆಯ ಉದ್ದೇಶ ಇರುವವರೇ ಹೆಚ್ಚು ಎಚ್ಚರವಾಗಿರಬೇಕು, ಯಾಕೆಂದರೆ ನಾನು ಸರಿ ಎಂಬ ನಂಬಿಕೆಯೇ ಅಂಕಿ ತಿದ್ದುವ ಕೈಗೆ ಧೈರ್ಯ ಕೊಡುತ್ತದೆ.

ಮೂರನೆಯದು, ನಿನ್ನ ಪ್ರಯೋಗಕ್ಕೆ ಮೈ ಕೊಡುವವರ ಮಾತು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ ಸರ್ಕಾರದ ಆರೋಗ್ಯ ಇಲಾಖೆಯವರೇ ಸುಮಾರು 600 ಬಡ ಕಪ್ಪು ಜನರನ್ನು ಗಮನಿಸುತ್ತಾ ಕೂತರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ಏನು ಕಾಯಿಲೆ ಅಂತ ಅವರಿಗೆ ಹೇಳಲಿಲ್ಲ. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಕಾಯಿಲೆ ಹೇಗೆ ಬೆಳೆಯುತ್ತದೆ ಅಂತ ನೋಡಬೇಕಾಗಿತ್ತಂತೆ! ಅಲ್ಲಿದ್ದವರೆಲ್ಲ ಓದಿದವರೇ, ಪದವಿ ಪಡೆದವರೇ. ಎದುರಿಗಿದ್ದವನು ಮನುಷ್ಯ ಅನ್ನುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ದಾಖಲಿಸಿದರು.

ನಮ್ಮಲ್ಲಿ ಹಾಗೆಲ್ಲ ಇಲ್ಲ ಅಂತ ಎದೆಯುಬ್ಬಿಸುವ ಮೊದಲು ಇದನ್ನೂ ಕೇಳು. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸಾವಿರಾರು ಹೆಣ್ಣುಮಕ್ಕಳಿಗೆ ಹಾಕಿದರು. ಅವರಲ್ಲಿ ಬಹಳಷ್ಟು ಬುಡಕಟ್ಟಿನ ಬಡಮಕ್ಕಳು. ತಂದೆ ತಾಯಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರಕ್ಕೆ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್ನರೇ ಸಹಿ ಹಾಕಿದ್ದರು. ಏಳು ಮಕ್ಕಳು ತೀರಿಕೊಂಡಾಗ ಗದ್ದಲವೆದ್ದು ಕಾರ್ಯಕ್ರಮ ನಿಂತಿತು. ವಿಚಾರಣೆಯಲ್ಲಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಲಸಿಕೆ ಒಳ್ಳೆಯದೇ, ಲೋಕದಲ್ಲಿ ಕೋಟ್ಯಂತರ ಹೆಣ್ಣುಮಕ್ಕಳು ಹಾಕಿಸಿಕೊಂಡಿದ್ದಾರೆ. ಆದರೂ ಸಂಸತ್ತಿನ ಸಮಿತಿ 2013ರಲ್ಲಿ ಆ ಒಪ್ಪಿಗೆ ಪತ್ರಗಳ ವಿಷಯದಲ್ಲಿ ಛೀಮಾರಿ ಹಾಕಿತು. ಒಳ್ಳೆಯ ಲಸಿಕೆಯ ಮೇಲೂ ಜನಕ್ಕೆ ಅನುಮಾನ ಹುಟ್ಟಿತು. ಆ ಅನುಮಾನ ಹುಟ್ಟಿಸಿದ್ದು ಔಷಧಿಯೊಳಗಿನ ದೋಷವಲ್ಲ, ಬಡವರ ಮನೆ ಬಾಗಿಲಿಗೆ ಹೋಗಿ ಕೇಳುವ ತಾಳ್ಮೆ ಇಲ್ಲದ್ದು.

ಅದಕ್ಕೇ ಹೇಳುತ್ತೇನೆ, ರಕ್ತದ ಸ್ಯಾಂಪಲ್ ತೆಗೆಯಲು ಹಳ್ಳಿಗೆ ಹೋದರೆ ಮೊದಲು ಜಗಲಿಯ ಮೇಲೆ ಕೂರು. ಕೊಟ್ಟ ನೀರು ಕುಡಿ. ಯಾಕೆ ಬಂದೆ, ಏನು ಮಾಡುತ್ತೀಯ, ಅವರಿಗೆ ಏನಾಗಬಹುದು ಅಂತ ಅವರ ಭಾಷೆಯಲ್ಲಿ ಹೇಳು. ಬೇಡ ಅಂದರೆ ನಮಸ್ಕಾರ ಮಾಡಿ ಎದ್ದು ಬಾ. ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು ಒಪ್ಪಿಗೆಯಲ್ಲ.

ನಾಲ್ಕನೆಯದು, ಊರಿನವರ ಕಣ್ಣನ್ನು ಹಗುರ ಮಾಡಬೇಡ. ಕಾಸರಗೋಡಿನ ಗೇರು ತೋಟಗಳ ಕತೆ ನಿನಗೆ ಗೊತ್ತಿರಬೇಕು. ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆಯೂ ಸುರಿದರು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ, ಬಾಯಿ ತೆರೆದ ಬಾವಿ, ಸುರಂಗ, ತೋಡು. ಕರುಗಳು ಸೊಟ್ಟ ಕಾಲಿನಿಂದ ಹುಟ್ಟುತ್ತಿರುವುದನ್ನು ಕಂಡು ಕಾಸರಗೋಡಿನ ಕಡೆಯವರೇ ಆದ ಪತ್ರಕರ್ತ ಶ್ರೀಪಡ್ರೆ ಬಹಳ ಮುಂಚೆಯೇ ಬರೆದರು. ಅಲ್ಲಿನ ವಾಣಿನಗರದಲ್ಲಿ ದವಾಖಾನೆ ಇಟ್ಟುಕೊಂಡಿದ್ದ ಡಾ. ಮೋಹನ್ ಕುಮಾರ್, ಸಣ್ಣ ಊರಿನಲ್ಲಿ ಇಷ್ಟೊಂದು ವಿಕಲ ಮಕ್ಕಳು, ಇಷ್ಟೊಂದು ಮನೋರೋಗಿಗಳು ಯಾಕೆ ಅಂತ ತಮ್ಮ ರೋಗಿಗಳ ಪಟ್ಟಿ ಹಿಡಿದು ಕೇಳಿದರು. ಅವರ ಹತ್ತಿರ ದೊಡ್ಡ ಯಂತ್ರ ಇರಲಿಲ್ಲ, ಅನುದಾನ ಇರಲಿಲ್ಲ. ಕಣ್ಣು ಇತ್ತು, ಕರುಳು ಇತ್ತು.

ಆಮೇಲೆ ಸಮಿತಿಗಳು ಬಂದವು. ಒಂದು ಸಮಿತಿ ಸಂಬಂಧ ಉಂಟು ಎಂದಿತು, ಇನ್ನೊಂದು ಇಲ್ಲ ಎಂದಿತು. ವರ್ಷಗಳು ಹೋದವು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ವಿಜ್ಞಾನಕ್ಕೆ ಪುರಾವೆ ಬೇಕು, ಸರಿ. ಆದರೆ ಪುರಾವೆ ಸಿಗುವ ತನಕದ ಕಷ್ಟ ಯಾರ ಮೈಮೇಲೆ ಬೀಳುತ್ತದೆ? ಸಮಿತಿಯ ಕೋಣೆಯಲ್ಲಿ ಕೂತವರ ಮೇಲೋ, ತೋಟದ ಬುಡದ ಮನೆಯ ತಾಯಿಯ ಮೇಲೋ? ಈ ಪ್ರಶ್ನೆಯನ್ನು ನೀನು ಯಾವ ವರದಿ ಬರೆದರೂ ಮೊದಲು ಕೇಳಿಕೋ. ಸಂಶಯ ಇದ್ದಾಗ ಅದರ ಲಾಭ ಡಬ್ಬಿಯೊಳಗಿನ ವಿಷಕ್ಕೆ ಸಿಗಬಾರದು, ಮಗುವಿಗೆ ಸಿಗಬೇಕು.

ಐದನೆಯದು ಹೆಸರಿನ ಮಾತು. ಪೇಪರಿನಲ್ಲಿ ಕೆಲಸ ಮಾಡಿದವರ ಹೆಸರು ಬಿಡಬೇಡ, ಮಾಡದವರ ಹೆಸರು ಸೇರಿಸಬೇಡ. ಬೆಳಗಿನ ಜಾವ ಬಂದು ಇನ್‌ಕ್ಯುಬೇಟರ್ ನೋಡಿಕೊಂಡ ಅಟೆಂಡರ್ ಅಣ್ಣನಿಗೆ ಕೃತಜ್ಞತೆಯ ಸಾಲಿನಲ್ಲಾದರೂ ಜಾಗ ಕೊಡು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್ಲುಗಳ ಕಡೆ ತಲೆ ಹಾಕಬೇಡ. ನಕಲಿನ ವಿಷಯದಲ್ಲೂ ಒಂದು ಕಿವಿಮಾತು ಇದೆ. ಯುಜಿಸಿಯ 2018ರ ನಿಯಮದಲ್ಲಿ ಹತ್ತು ಪರ್ಸೆಂಟ್ ತನಕದ ಹೋಲಿಕೆಗೆ ಶಿಕ್ಷೆ ಇಲ್ಲ. ಹತ್ತು ಪರ್ಸೆಂಟ್ ಕದಿಯಬಹುದು ಅಂತ ಅದನ್ನು ಓದಿಕೊಂಡ ಜಾಣರನ್ನು ಕಂಡಿದ್ದೇನೆ! ಸಾಫ್ಟ್‌ವೇರ್ ಪದ ಎಣಿಸುತ್ತದೆ, ಕದ್ದ ವಿಚಾರವನ್ನು ಎಣಿಸುವುದಿಲ್ಲ. ಅದನ್ನು ಎಣಿಸಬೇಕಾದವನು ನಿನ್ನೊಳಗೇ ಇರಬೇಕು. ಈಗ ಕೇಳಿದ್ದನ್ನೆಲ್ಲ ಬರೆದುಕೊಡುವ ಕಂಪ್ಯೂಟರೂ ಬಂದಿದೆ. ಬಳಸು, ಆದರೆ ಬಳಸಿದೆ ಅಂತ ಹೇಳು. ನೀನು ಓದದ ಪೇಪರನ್ನು ಓದಿದೆ ಅಂತ ಉಲ್ಲೇಖಿಸಬೇಡ.

ದೊಡ್ಡ ಬುದ್ಧಿ ಇದ್ದಲ್ಲೆಲ್ಲ ದೊಡ್ಡ ಮನಸ್ಸು ಇರುತ್ತದೆ ಅಂತಲೂ ನಂಬಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಅರ್ಜಿ ಹಾಕಿದರು, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು. ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಮೇಲಿನ ಸ್ಥಾನ ಪಡೆದವರು. ನಿರ್ದೇಶಕರಾಗಿದ್ದವರು ಸಾಕ್ಷಾತ್ ಸರ್ ಸಿ.ವಿ. ರಾಮನ್. ಹೆಣ್ಣು ಅನ್ನುವ ಕಾರಣಕ್ಕೆ ಬೇಡ ಅಂದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ, ಗಂಡಸರ ಗಮನ ಕೆಡಿಸಬಾರದು ಅಂತೆಲ್ಲ ಷರತ್ತು ಹಾಕಿ ಸೇರಿಸಿಕೊಂಡರು. ಆಕೆಯ ಕೆಲಸ ಕಂಡು ರಾಮನ್ ಮನಸ್ಸು ಬದಲಿಸಿದರು, ಮುಂದಿನ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಆಕೆ ಕೇಂಬ್ರಿಜ್ಜಿಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ರಾಮನ್ನರ ವಿಜ್ಞಾನಕ್ಕೆ ಕೈ ಮುಗಿ. ಬಾಗಿಲಲ್ಲಿ ನಿಂತ ಆ ಹುಡುಗಿಗೆ ಆದದ್ದು ಅನ್ಯಾಯ ಅನ್ನುವುದನ್ನೂ ಹೇಳು. ಎರಡನ್ನೂ ಒಟ್ಟಿಗೆ ಹೇಳುವ ಎದೆ ಇದ್ದರೆ ಮಾತ್ರ ನೀನು ವಿಜ್ಞಾನಿ. ನಾಳೆ ನಿನ್ನ ಲ್ಯಾಬಿನ ಬಾಗಿಲಿಗೂ ಯಾರಾದರೂ ಬಂದು ನಿಲ್ಲುತ್ತಾರೆ. ಜಾತಿ, ಊರು, ಇಂಗ್ಲಿಷ್ ಉಚ್ಚಾರ ನೋಡಿ ಅಳೆಯಬೇಡ.

ಇನ್ನು ನೀನು ಬಾಯಿಬಿಟ್ಟು ಕೇಳದ ಪ್ರಶ್ನೆ. ಗೈಡೇ ಅಂಕಿ ತಿದ್ದು ಅಂದರೆ? ಫೆಲೋಶಿಪ್ಪು ತಿಂಗಳಾನುಗಟ್ಟಲೆ ಬರುವುದಿಲ್ಲ, ಮನೆಯಲ್ಲಿ ಸಾಲ ಇದೆ, ಎದುರು ಮಾತಾಡಿದರೆ ಥೀಸಿಸ್ ಮೂಲೆಗೆ ಬೀಳುತ್ತದೆ. ನನಗೆ ಗೊತ್ತು, ಹೇಳುವಷ್ಟು ಸುಲಭವಲ್ಲ. ಆದರೂ ದಾರಿ ಇದೆ. ಮೊದಲ ದಿನವೇ ಕೂಗಾಡಬೇಡ. ಸರ್, ಇನ್ನೊಂದು ಸಲ ಮಾಡಿ ನೋಡುತ್ತೇನೆ ಅನ್ನು. ಎರಡನೆಯ ಸಲವೂ ಅದೇ ಬಂದರೆ ಅದನ್ನೇ ದಿನಾಂಕ ಸಮೇತ ಬರೆದು ಇಮೇಲಿನಲ್ಲಿ ಕಳಿಸು. ಬಾಯಿಮಾತಿನಲ್ಲಿ ತಿದ್ದು ಅಂದ ಎಷ್ಟೋ ಜನ ಬರಹದಲ್ಲಿ ಹಾಗೆ ಹೇಳಲು ಹಿಂಜರಿಯುತ್ತಾರೆ. ನೋಟ್‌ಬುಕ್ಕಿನ ಫೋಟೊ ತೆಗೆದು ಇಟ್ಟುಕೋ. ನಂಬುವಂಥ ಇನ್ನೊಬ್ಬ ಅಧ್ಯಾಪಕರ ಹತ್ತಿರ ಮಾತಾಡು. ಅದಕ್ಕೂ ಬಗ್ಗದಿದ್ದರೆ ಆ ಪೇಪರಿನಿಂದ ನಿನ್ನ ಹೆಸರು ತೆಗೆಸು, ಬೇಕಾದರೆ ಗೈಡನ್ನೇ ಬದಲಿಸು. ಎರಡು ವರ್ಷ ತಡವಾದರೆ ಮನೆಯಲ್ಲಿ ಅನ್ನಕ್ಕೇನೂ ಬರ ಇಲ್ಲ, ಬಾ. ತಲೆ ಎತ್ತಿ ಬರುವವರಿಗೆ ಈ ಬಾಗಿಲು ಯಾವಾಗಲೂ ತೆರೆದಿದೆ.

ಕೊನೆಗೊಂದು ಮಾತು, ಲ್ಯಾಬಿನ ಕೋಟು ಬಿಚ್ಚಿದ ಮೇಲೂ ಬುದ್ಧಿ ಬಿಚ್ಚಿಡಬೇಡ. ಗೌರಿಬಿದನೂರಿನ ಕಡೆಯ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದರೂ ಖಾದಿ ಬಿಡಲಿಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆ ಬಿಡಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಬೈಗುಳ ಬಂತು, ವಿರೋಧ ಬಂತು, ಅವರು ಪ್ರಶ್ನೆ ಹಿಂತೆಗೆದುಕೊಳ್ಳಲಿಲ್ಲ. ಅವರ ಮಾತಿಗೆ ತೂಕ ಬಂದದ್ದು ಬರೀ ಡಿಗ್ರಿಯಿಂದಲ್ಲ. ಅವರಿಗೆ ತಮಗಾಗಿ ಬೇಕಾದದ್ದು ಏನೂ ಇರಲಿಲ್ಲ, ಆದ್ದರಿಂದ ಯಾರಿಗೂ ಹೆದರಬೇಕಾಗಿರಲಿಲ್ಲ. ಅದೇ ವರ್ಷ ನಮ್ಮ ಸಂವಿಧಾನಕ್ಕೆ 51ಎ ವಿಧಿ ಸೇರಿತು. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಗಳ ಕರ್ತವ್ಯ ಎಂದು ಅದು ಹೇಳುತ್ತದೆ. ಪೂರ್ತಿ ಓದು. ಅದೇ ಸಾಲಿನಲ್ಲಿ, ಅದರ ಪಕ್ಕದಲ್ಲೇ, ಮಾನವೀಯತೆಯನ್ನೂ ಹೇಳಿದೆ. ಬರೆದವರಿಗೆ ಗೊತ್ತಿತ್ತು, ಒಂದನ್ನು ಬಿಟ್ಟರೆ ಇನ್ನೊಂದು ಕುಂಟುತ್ತದೆ ಅಂತ.

ನಮ್ಮ ದೇಶದಲ್ಲಿ ಜಾಣರಿಗೆ ಬರವಿಲ್ಲ ಮಗೂ. ಬರ ಇರುವುದು, ಬರೆದದ್ದನ್ನು ಮತ್ತೆ ಅಳೆಯದೆ ನಂಬಬಹುದಾದಂಥ ಜಾಣರಿಗೆ. ನೀನು ಅಂಥವರ ಸಾಲಿಗೆ ಸೇರು. ನಿಧಾನವಾಗಿಯಾದರೂ ಸರಿ, ನಿನ್ನ ಹೆಸರಿನ ಕೆಳಗೆ ಅಚ್ಚಾದ ಪ್ರತಿ ಅಂಕಿಯೂ ನೀನು ನಿಜವಾಗಿ ಕಂಡದ್ದಾಗಿರಲಿ. ಹೋಗಿ ಬಾ, ಚೆನ್ನಾಗಿ ಕೆಲಸ ಮಾಡು.